ಫೌಂಡೇಶನ್ ರೊಕ್ಕ ಮತ್ತು ಹನ್ನೊಂದರ ಲೆಕ್ಕ: ನನ್ನ ಸೆಮಿನಾರ್ ಟಿಪ್ಪಣಿ

ಸಂಶೋಧನೆಗೆ ರೊಕ್ಕ ಯಾರು ಕೊಡ್ತಾರ, ಅರ್ಜಿಯೊಳಗ ಬಜೆಟ್ ಹೆಂಗ ಹಾಕ್ಬೇಕು ಅಂತ ಸೆಮಿನಾರಿನಾಗ ಕಲ್ತದ್ದು ಮರ್ತು ಹೋಗೂಕಿಂತ ಮೊದ್ಲೇ ಬರ್ದಿಡ್ತೀನಿ, ಕಲಬುರಗಿ ಬೀದರದಾಗ ಲೈಫ್ ಸೈನ್ಸ್ ಓದೋ ನಿಮ್ಗೂ ಉಪಯೋಗ ಆಗ್ಲಿ.

ಯಾರ ರೊಕ್ಕ?

ಫೌಂಡೇಶನ್ ಅಂದ್ರ ಇಂಥ ಕೆಲ್ಸಕ್ಕ ರೊಕ್ಕ ಕೊಡೋ ಖಾಸಗಿ ಸಂಸ್ಥೆ. ಅದು ತಾನೇ ಒಂದು ವಿಷಯ ಹಿಡಿದಿರ್ತದ, ನಮ್ಮ ಕೆಲ್ಸ ಅದಕ್ಕ ಹೊಂದಿದ್ರಷ್ಟೇ ಕೊಡ್ತದ. ಇದರ ತಾಕತ್ತು ಸಣ್ಣದಲ್ಲ. ‘ಮಾಲಿಕ್ಯುಲರ್ ಬಯಾಲಜಿ’ (ಜೀವಿಗಳನ್ನ ಅಣುಮಟ್ಟದಾಗ ಓದೋ ಶಾಸ್ತ್ರ) ಅನ್ನೋ ಹೆಸರು 1938ರಾಗ ರಾಕ್‌ಫೆಲ್ಲರ್ ಫೌಂಡೇಶನ್ ವರದಿಯೊಳಗ ವಾರನ್ ವೀವರ್ ಬರ್ದಿದ್ದು, ಅವ್ರು ಗಣಿತದವ್ರು, ಸಂಶೋಧನೆಗೆ ರೊಕ್ಕ ಹಂಚೋ ಕೆಲ್ಸದಾಗ ಇದ್ರು! ನಮ್ಮ ದೇಶದಾಗ 2008ರಲ್ಲಿ ಡಿಬಿಟಿ (ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ) ಮತ್ತ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಫೌಂಡೇಶನ್ ಕೂಡಿ ಸಂಶೋಧನೆಗೆ ರೊಕ್ಕ ಕೊಡೋ ಇಂಡಿಯಾ ಅಲಯನ್ಸ್ ಶುರು ಮಾಡಿದ್ರು, ಮೊದ್ಲು ಇಬ್ಬರದೂ ಸಮಪಾಲು, ಎರಡನೇ ಹಂತಕ್ಕ ಡಿಬಿಟಿ 728 ಕೋಟಿ, ವೆಲ್‌ಕಮ್ 364 ಕೋಟಿ. ಸಿಎಸ್‌ಆರ್, ಅಂದ್ರ ಕಂಪನಿಗಳು ಸಮಾಜದ ಕೆಲ್ಸಕ್ಕ ಕೊಡೋ ರೊಕ್ಕ, ಬ್ಯಾರೆ ದಾರಿ: 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಾಗ 2% ಖರ್ಚು ಮಾಡ್ಬೇಕು, ಸರ್ಕಾರಿ ಯೂನಿವರ್ಸಿಟಿ ಸಂಶೋಧನೆಗೂ ಕೊಡ್ಬಹುದು.

ಓವರ್‌ಹೆಡ್: ನಾ ಎಡವಿದ್ದು ಇಲ್ಲೇ

ಬಜೆಟ್ ಲೆಕ್ಕಕ್ಕ ನಾ ತಗೊಂಡ ಉದಾಹರಣೆ, ತೊಗರಿ ನೆಟೆ ರೋಗ ಬೇಗ ಪತ್ತೆ ಹಚ್ಚೋ ಕಿಟ್. ಸೊರಗಿದ ಗಿಡದ ಕಾಂಡ ಸೀಳಿ ನೋಡ್ರಿ, ಒಳಗ ಉದ್ದಕ್ಕ ಕಂದು ಕರಿ ಗೆರಿ ಕಾಣ್ತದ, ಫ್ಯುಸೇರಿಯಂ ಉಡಮ್ ಅನ್ನೋ ಶಿಲೀಂಧ್ರ ನೀರಿನ ನಾಳ ಕಟ್ಟಿರ್ತದ, ಗೆರಿ ಕಾಣೋ ಹೊತ್ತಿಗೆ ರೈತನ ಕೈ ಮೀರಿರ್ತದ, ಅದಕ್ಕ ಈ ವಿಷಯಾನೇ ಬೇಕು ಅಂತ ಹಿಡ್ದೀನಿ.

ಕೆಮಿಕಲ್ಲು, ಹುಡುಗ್ರ ಫೆಲೋಶಿಪ್ಪು, ಹೊಲಕ್ಕ ಹೋಗಿ ಬರೋ ಖರ್ಚು ಇವೆಲ್ಲ ನೇರ ಖರ್ಚು. ಮೈನಸ್ 80 ಡಿಗ್ರಿ ಫ್ರೀಜರ್ ಹಗಲು ರಾತ್ರಿ ಓಡ್ತದಲ್ಲ, ಅದರ ಕರೆಂಟು, ಬಿಲ್ಡಿಂಗು, ಅಕೌಂಟ್ ಸೆಕ್ಷನ್ನಿನ ಕೆಲ್ಸ ಇವೆಲ್ಲ ಓವರ್‌ಹೆಡ್, ಅಂದ್ರ ಪರೋಕ್ಷ ಖರ್ಚು.

ಈಗ ರೊಕ್ಕ ಕೊಡೋರ ಒಟ್ಟು ಮಿತಿ 44 ಲಕ್ಷ, ಓವರ್‌ಹೆಡ್ ಮಿತಿ 10% ಅಂತಿಟ್ಕೋರಿ. ನಾ ಸೀದಾ 44ಕ್ಕ 10% ತಗ್ದು 4.4 ಲಕ್ಷ ಬರ್ದೆ. ತಪ್ಪು! ಆ 10% ನೇರ ಖರ್ಚಿನ ಮ್ಯಾಲ, ಒಟ್ಟಿನ ಮ್ಯಾಲ ಅಲ್ಲ. 44ರಾಗ 4.4 ಕಳದ್ರ 39.6 ಉಳೀತದ, 39.6ಕ್ಕ 4.4 ಅಂದ್ರ 11.1% ಆಯ್ತು, 10% ಮಿತಿ ದಾಟ್ತು. ನೇರ ಖರ್ಚು 100 ಆದ್ರ ಓವರ್‌ಹೆಡ್ 10, ಒಟ್ಟು 110, ಅಂದ್ರ ಒಟ್ಟಿನ ಹನ್ನೊಂದು ಪಾಲಿನಾಗ ಒಂದು ಪಾಲು. 44 ಭಾಗಿಸು 11, ಓವರ್‌ಹೆಡ್ 4 ಲಕ್ಷ, ನೇರ ಖರ್ಚು 40 ಲಕ್ಷ. ಹನ್ನೊಂದರ ಮಗ್ಗಿ ಬಂದ್ರ ಸಾಕು, ಕ್ಯಾಲ್ಕುಲೇಟರೂ ಬ್ಯಾಡ. 15% ಇದ್ರ ನೇರ ಖರ್ಚು 100, ಓವರ್‌ಹೆಡ್ 15, ಒಟ್ಟು 115, ಅಂದ್ರ 23ರಾಗ 3 ಪಾಲು: ಒಟ್ಟು 46 ಲಕ್ಷ ಆದ್ರ 6 ಲಕ್ಷ ಓವರ್‌ಹೆಡ್. ಇದನ್ನ ನಾಕು ಸಲ ಬ್ಯಾರೆ ಬ್ಯಾರೆ ಅಂಕಿ ಹಾಕಿ ಮಾಡಿದ ಮ್ಯಾಲೇ ನನ್ ತಲ್ಯಾಗ ಕುಂತದ್ದು.

ಇನ್ನೊಂದು, ಕೆಲವು ಕಡೆ ಯಂತ್ರದ ಖರ್ಚಿಗೆ ಓವರ್‌ಹೆಡ್ ಹಾಕಂಗಿಲ್ಲ. 40 ಲಕ್ಷದಾಗ 12 ಲಕ್ಷ ಪಿಸಿಆರ್ ಯಂತ್ರಕ್ಕಂದ್ರ (ಡಿಎನ್‌ಎ ನಕಲು ಹೆಚ್ಚಿಸೋ ಯಂತ್ರ) ಉಳಿದ 28ಕ್ಕಷ್ಟೇ 10%, ಅಂದ್ರ 2.8 ಲಕ್ಷ. ಆವಾಗ ಹನ್ನೊಂದರ ಲೆಕ್ಕ ನಡ್ಯಂಗಿಲ್ಲ, ಮೊದ್ಲು ನಿಯಮದ ಪುಟ ಓದ್ರಿ, ಆಮ್ಯಾಲ ಪೆನ್ನು ಹಿಡೀರಿ.

ಪೇಟೆಂಟ್ ಷರತ್ತು ನಾಳಿ ಓದ್ತೀನಿ, ಅದಕ್ಕ ಬ್ಯಾರೆ ಟಿಪ್ಪಣಿ ಬರೀತೀನಿ.