ಸೌದಿ–ಇರಾನ್: ಎರಡು ಕೋಟಾಗಳ ಜಗಳ

ಸೌದಿ ಅರೇಬಿಯಾ ಮತ್ತು ಇರಾನ್ ನಡುವಿನ ಸಂಬಂಧವನ್ನು ದಿನದ ಸುದ್ದಿಯಲ್ಲಿ ಓದುತ್ತಾ ಹೋದರೆ ತಲೆಬುಡ ತಿಳಿಯುವುದಿಲ್ಲ. 2016ರ ಜನವರಿಯಲ್ಲಿ ಟೆಹರಾನಿನ ಸೌದಿ ರಾಯಭಾರ ಕಚೇರಿಗೆ ಜನ ನುಗ್ಗಿ ಬೆಂಕಿ ಹಚ್ಚಿದರು. 2023ರ ಮಾರ್ಚ್‌ನಲ್ಲಿ ಅದೇ ಎರಡು ದೇಶಗಳು ಬೀಜಿಂಗ್‌ನಲ್ಲಿ ಕೈಕುಲುಕಿದವು. ಇದಕ್ಕೆಲ್ಲ ಶಿಯಾ–ಸುನ್ನಿ ವೈರವೇ ಕಾರಣ ಎಂದುಬಿಡುವುದು ಸುಲಭ. ಆ ಮಾತು ಸುಳ್ಳಲ್ಲ, ಆದರೆ ಸಾಲದು. 1979ರ ಕ್ರಾಂತಿಗೆ ಮುಂಚೆ ಇರಾನನ್ನು ಆಳಿದ ದೊರೆ ಷಾ ಕಾಲದಲ್ಲಿ ಎರಡೂ ಅಮೆರಿಕದ ಆಪ್ತ ದೇಶಗಳೇ ಆಗಿದ್ದವು, ಧರ್ಮದ ವಿಷಯ ಅಷ್ಟಾಗಿ ಮುಂದೆ ಬರುತ್ತಿರಲಿಲ್ಲ. ಆಗಲೂ ಜಗಳ ಇತ್ತು.

ಜಗಳದ ಬೇರು ಜನಸಂಖ್ಯೆಯಲ್ಲಿದೆ. ಇರಾನಿಗೆ ಜನ ಹೆಚ್ಚು, ಖರ್ಚು ಹೆಚ್ಚು. ಇವತ್ತಿನ ಬ್ಯಾರೆಲ್‌ಗೆ ಇವತ್ತೇ ಒಳ್ಳೆಯ ದರ ಬೇಕು. ಸೌದಿಗೆ ಜನ ಕಡಿಮೆ, ನೆಲದಡಿ ತೈಲ ಅಪಾರ. ದರ ವಿಪರೀತ ಏರಿ ಕೊಳ್ಳುವವರು ಬೇರೆ ಇಂಧನದ ಕಡೆ ತಿರುಗಿದರೆ ಅದಕ್ಕೇ ನಷ್ಟ. 1976ರ ಡಿಸೆಂಬರ್‌ನಲ್ಲಿ ತೈಲ ರಫ್ತು ದೇಶಗಳ ಕೂಟ ಒಪೆಕ್‌ನ ದೋಹಾ ಸಭೆ ಒಡೆದದ್ದು ಇಲ್ಲಿಯೇ. ಇರಾನ್ ಸೇರಿ 11 ದೇಶಗಳು ದರವನ್ನು ಶೇ 10 ಏರಿಸಿದವು, ಸೌದಿ ಮತ್ತು ಯುಎಇ ಶೇ 5ಕ್ಕೆ ನಿಂತವು. ಸೌದಿ ತನ್ನ ಉತ್ಪಾದನೆಯ ಮಿತಿಯನ್ನೂ ಸಡಿಲಿಸಿತು. ಅಗ್ಗದ ತೈಲದ ಕಡೆ ಗಿರಾಕಿಗಳು ವಾಲಿದರು, ಜನವರಿಯಲ್ಲೇ ಇರಾನಿನ ರಫ್ತು ಕುಸಿಯಿತು.

ಮುಂದೆ ಇರಾನಿನ ಕ್ರಾಂತಿ, ಎಂಟು ವರ್ಷದ ಇರಾನ್–ಇರಾಕ್ ಯುದ್ಧ, ಅದರಲ್ಲಿ ಇರಾಕಿಗೆ ಸೌದಿಯ ಹಣ, 1981ರಲ್ಲಿ ಕೊಲ್ಲಿಯ ಆರು ಅರಸೊತ್ತಿಗೆಗಳ ಕೂಟ ಜಿಸಿಸಿ, ಇವೆಲ್ಲ ಒಂದರ ಬೆನ್ನಿಗೆ ಒಂದು ಬಂದವು.

ಯುದ್ಧದ ನಡುವೆಯೇ ಮತ್ತೊಂದು ಏಟು ಬಿತ್ತು. ದರ ಬೀಳದಂತೆ ತನ್ನ ಉತ್ಪಾದನೆ ಕಡಿತ ಮಾಡುತ್ತಾ ಬಂದ ಸೌದಿ, 1980ರ ದಿನಕ್ಕೆ ಸುಮಾರು 1 ಕೋಟಿ ಬ್ಯಾರೆಲ್‌ನಿಂದ 1985ರ ಬೇಸಿಗೆಗೆ 25 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಉಳಿದವರು ಒಪೆಕ್ ಹಂಚಿದ ಉತ್ಪಾದನೆಯ ಕೋಟಾ ಮೀರಿ ಮಾರುತ್ತಲೇ ಇದ್ದರು. ಆಗ ಸೌದಿ 'ನೆಟ್‌ಬ್ಯಾಕ್' ಎಂಬ ಲೆಕ್ಕ ತಂದಿತು. ಕಚ್ಚಾತೈಲಕ್ಕೆ ಮೊದಲೇ ದರ ಕಟ್ಟುವುದಿಲ್ಲ. ರಿಫೈನರಿಯಲ್ಲಿ ಹೊರಬಂದ ಪೆಟ್ರೋಲು, ಡೀಸೆಲ್ ಮೊದಲಾದವುಗಳ ಪೇಟೆ ಬೆಲೆಯಿಂದ ಸಂಸ್ಕರಣೆ ಖರ್ಚು, ಹಡಗಿನ ಬಾಡಿಗೆ ಕಳೆದು ಉಳಿದದ್ದೇ ತೈಲದ ದರ. ರಿಫೈನರಿಗೆ ನಷ್ಟದ ಭಯವೇ ಇಲ್ಲ, ಹಾಗಾಗಿ ಎಷ್ಟು ಸಿಕ್ಕರೂ ಕೊಂಡು ಸಂಸ್ಕರಿಸಿದರು. ಪೇಟೆಯಲ್ಲಿ ಸರಕು ತುಂಬಿತು, ಬೆಲೆ ಬಿತ್ತು, ಅದರ ಜೊತೆಗೇ ಕಚ್ಚಾತೈಲವೂ ಬಿತ್ತು: 1986ರಲ್ಲಿ 10 ಡಾಲರ್‌ಗಿಂತ ಕೆಳಕ್ಕೆ. ಯುದ್ಧದ ಖರ್ಚಿಗೆ ತೈಲವನ್ನೇ ನಂಬಿದ್ದ ಇರಾನ್ ಅದನ್ನು ತನ್ನ ಮೇಲಿನ ದಾಳಿಯೆಂದೇ ಓದಿತು. ಸೌದಿ ಅದನ್ನು ಮಾರುಕಟ್ಟೆಯ ಶಿಸ್ತು ಎಂದಿತು. ಕೋಟಾ ಹಂಚುವಾಗ ನಿಕ್ಷೇಪದ ಗಾತ್ರವನ್ನೂ ನೋಡಬೇಕೆಂಬ ಮಾತು ಆಗಲೇ ಓಡಾಡುತ್ತಿತ್ತು. ಆ ದಶಕ ಮುಗಿಯುವುದರೊಳಗೆ ಎರಡೂ ದೇಶಗಳ ನಿಕ್ಷೇಪಗಳು ಕಾಗದದ ಮೇಲೆ ಅರ್ಧಪಾಲು ಹಿಗ್ಗಿಕೊಂಡವು. ಅಷ್ಟು ದೊಡ್ಡ ಹೊಸ ಬಾವಿಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತೈಲದ್ದು ಒಂದು ಕೋಟಾ, ಎರಡನೆಯದು ಹಜ್ ಯಾತ್ರೆಯದ್ದು. 1987ರ ಜುಲೈ 31ರಂದು ಮೆಕ್ಕಾದಲ್ಲಿ ಇರಾನಿ ಯಾತ್ರಿಕರ ಮೆರವಣಿಗೆ ಮತ್ತು ಸೌದಿ ಪೊಲೀಸರ ನಡುವೆ ಘರ್ಷಣೆಯಾಗಿ 400ಕ್ಕೂ ಹೆಚ್ಚು ಜನ ಸತ್ತರು. ಕಾಲ್ತುಳಿತ ಎಂದು ಸೌದಿ, ಗುಂಡೇಟು ಎಂದು ಇರಾನ್. ಮರುವರ್ಷ ಇಸ್ಲಾಮಿಕ್ ದೇಶಗಳ ಸಂಘಟನೆಯ ಅಮ್ಮಾನ್ ಸಭೆಯಲ್ಲಿ ಹೊಸ ಸೂತ್ರ ಬಂತು: ಪ್ರತಿ 10 ಲಕ್ಷ ಮುಸ್ಲಿಮರಿಗೆ 1,000 ಯಾತ್ರಿಕರು. ಸುಮಾರು ಒಂದೂವರೆ ಲಕ್ಷ ಜನರನ್ನು ಕಳಿಸುತ್ತಿದ್ದ ಇರಾನಿನ ಪಾಲಿಗೆ ಉಳಿದದ್ದು 45,000. ಸೌದಿ ರಾಜತಾಂತ್ರಿಕ ನಂಟು ಕಡಿದುಕೊಂಡಿತು, ಇರಾನ್ ಮೂರು ವರ್ಷ ಹಜ್ ಬಹಿಷ್ಕರಿಸಿತು. ಒಂದು ಜಗಳದ ಬಿಸಿಯಲ್ಲಿ ಗೀಚಿದ ಈ ಸೂತ್ರ ಹಾಗೇ ಉಳಿದುಕೊಂಡಿದೆ. ನಮ್ಮ ರಾಜ್ಯದಲ್ಲಿ ಹಜ್ ಅರ್ಜಿ ಹಾಕಿದವರು ಲಾಟರಿಗೆ ಕಾಯುವುದಕ್ಕೂ ಮೂಲ ಅದೇ.

1991ರಲ್ಲಿ ಸಂಬಂಧ ಕುದುರಿತು, 2001ರಲ್ಲಿ ಭದ್ರತಾ ಒಪ್ಪಂದವೂ ಆಯಿತು. 2003ರ ನಂತರ ಇರಾಕ್, ಆಮೇಲೆ ಬಹರೇನ್, ಸಿರಿಯಾ, ಯೆಮೆನ್‌ಗಳಲ್ಲಿ ಮತ್ತೆ ಎದುರುಬದುರಾದರು. 2016ರಲ್ಲಿ ಸೌದಿ ಶಿಯಾ ಧರ್ಮಗುರು ನಿಮ್ರ್ ಅಲ್-ನಿಮ್ರ್ ಅವರಿಗೆ ಮರಣದಂಡನೆ ಕೊಟ್ಟಿತು. ಟೆಹರಾನಿನ ಬೆಂಕಿ ಅದರ ಮರುಪೆಟ್ಟು. ನಂಟು ಮತ್ತೆ ಹರಿಯಿತು.

ನಂಟು ಹರಿದ ಆ ವರ್ಷವೇ ಇಬ್ಬರೂ ಒಂದು ಕಾಗದಕ್ಕೆ ಒಪ್ಪಿದರು. ಅದನ್ನು ಹತ್ತಿರದಿಂದ ನೋಡಬೇಕು. ಜನವರಿಯಲ್ಲಿ ಬ್ರೆಂಟ್ ಕಚ್ಚಾತೈಲದ ದರ 28 ಡಾಲರ್‌ಗಿಂತ ಕೆಳಗಿಳಿದಿತ್ತು. ಅದೇ ತಿಂಗಳು ಅಣು ಒಪ್ಪಂದದಿಂದ ನಿರ್ಬಂಧ ಸಡಿಲಗೊಂಡ ಇರಾನ್, 'ಮೊದಲಿದ್ದ ದಿನಕ್ಕೆ 40 ಲಕ್ಷ ಬ್ಯಾರೆಲ್ ಮುಟ್ಟುವವರೆಗೆ ಕಡಿತದ ಮಾತೇ ಬೇಡ' ಎಂದಿತು. 'ಇರಾನ್ ಕಡಿಮೆ ಮಾಡದೆ ನಾವೂ ಮಾಡೆವು' ಎಂದು ಸೌದಿ. ಏಪ್ರಿಲ್‌ನ ದೋಹಾ ಸಭೆ ಹೀಗೆ ಮುರಿದುಬಿತ್ತು. ನವೆಂಬರ್ 30ರಂದು ವಿಯೆನ್ನಾದಲ್ಲಿ ಒಪ್ಪಂದವಾಯಿತು. ಅದರ ಕೋಷ್ಟಕದ ಸೌದಿ ಸಾಲಿನಲ್ಲಿ ಲೆಕ್ಕ ಸರಿಯಿದೆ: ದಿನಕ್ಕೆ 1,05,44,000 ಬ್ಯಾರೆಲ್‌ನಿಂದ 4,86,000 ಕಡಿತ, ಉಳಿದದ್ದು 1,00,58,000. ಇರಾನಿನ ಸಾಲಿನಲ್ಲಿ ಮೂಲ ಅಂಕಿ 39,75,000, ಹೊಂದಾಣಿಕೆ 90,000 ಹೆಚ್ಚಳ, ಹೊಸ ಮಟ್ಟ 37,97,000. ಕೂಡಿದರೆ ಇಳಿಯುವ ಲೆಕ್ಕ!

ತಪ್ಪಲ್ಲ, ಜಾಣತನ. ಮೂಲ ಅಂಕಿಯಾಗಿ ಹಿಡಿದದ್ದು ನಿರ್ಬಂಧಕ್ಕೂ ಮುಂಚಿನ ಹಳೆಯ ಉತ್ಪಾದನೆ. ಅದರಲ್ಲಿ ಎಲ್ಲರಂತೆ ಸುಮಾರು ಶೇ 4.5 ಕಳೆದರೆ 37.97 ಲಕ್ಷ. ಆದರೆ ಆ ಹೊತ್ತಿನ ನಿಜವಾದ ಉತ್ಪಾದನೆ ಸುಮಾರು 37 ಲಕ್ಷ. ಅದಕ್ಕೆ 90,000 ಸೇರಿಸಿದರೂ ಅಲ್ಲಿಗೇ ಬರುತ್ತದೆ. ರಿಯಾದ್‌ನಲ್ಲಿ 'ಇರಾನೂ ಕಡಿತ ಮಾಡಿತು' ಎನ್ನಬಹುದು, ಟೆಹರಾನಿನಲ್ಲಿ 'ನಮಗೆ ಹೆಚ್ಚಳ ಸಿಕ್ಕಿತು' ಎನ್ನಬಹುದು. ಇಂಥ ಕೋಷ್ಟಕ ಬರೆಯಬಲ್ಲವರಿಗೆ ಸಂಧಾನ ಆಗದ ಕೆಲಸವೇನಲ್ಲ, ಬೇಕೆನಿಸಬೇಕು ಅಷ್ಟೆ.

ಕೋಟಾ ಸಿಕ್ಕರೂ ಮಾರುವ ದಾರಿ ಬೇಕಲ್ಲ. ಅದನ್ನು ಮಂಗಳೂರಿನಷ್ಟು ಚೆನ್ನಾಗಿ ಬಲ್ಲ ಊರು ಕಡಿಮೆ. ಅಲ್ಲಿನ ತೈಲ ರಿಫೈನರಿ ಎಂಆರ್‌ಪಿಎಲ್ ಇರಾನಿ ತೈಲದ ದೊಡ್ಡ ಗಿರಾಕಿಯಾಗಿತ್ತು. 2010ರ ಡಿಸೆಂಬರ್‌ನಲ್ಲಿ ಕೇಂದ್ರ ಬ್ಯಾಂಕುಗಳು ಪರಸ್ಪರ ಲೆಕ್ಕ ತೀರಿಸುವ ಕೂಟ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಮೂಲಕ ಹಣ ಕಟ್ಟುವ ದಾರಿಯನ್ನು ರಿಸರ್ವ್ ಬ್ಯಾಂಕ್ ಮುಚ್ಚಿತು. ಪಾವತಿ ಮೊದಲು ಜರ್ಮನಿಯ ಬ್ಯಾಂಕಿನಿಂದ, ನಂತರ ಟರ್ಕಿಯ ಹಾಲ್ಕ್‌ಬ್ಯಾಂಕಿನಿಂದ ಸುತ್ತಿ ಹೋಯಿತು. 2012ರಿಂದ ಶೇ 45 ಭಾಗ ರೂಪಾಯಿಯಲ್ಲಿ ಯುಕೋ ಬ್ಯಾಂಕಿಗೆ. ಅದೇ ವರ್ಷ ಜುಲೈನಲ್ಲಿ ಐರೋಪ್ಯ ವಿಮೆ ನಿಂತಿತು. ವಿಮೆಯಿಲ್ಲದ ಟ್ಯಾಂಕರನ್ನು ಬಂದರಿಗೆ ಬಿಟ್ಟುಕೊಳ್ಳುವುದು ಕಷ್ಟ, ಆದ್ದರಿಂದ ಇರಾನೇ ತನ್ನ ಹಡಗು, ತನ್ನ ವಿಮೆಯಲ್ಲಿ ತಂದು ಇಳಿಸಬೇಕಾಯಿತು. 60 ದಿನಗಳ ಸಾಲದ ಆಸೆಗೆ ಕೊಳ್ಳುವವರು ಉಳಿದರು. 2019ರ ಮೇನಲ್ಲಿ ಅಮೆರಿಕ ಕೊಟ್ಟ ವಿನಾಯಿತಿ ಮುಗಿದಾಗ ಭಾರತದ ಖರೀದಿಯೂ ನಿಂತಿತು. ಆ ಜಾಗ ತುಂಬಿದವರಲ್ಲಿ ಸೌದಿಯೂ ಒಂದು.

ಅದೇ ವರ್ಷ ಸೆಪ್ಟೆಂಬರ್ 14ರಂದು ಸೌದಿಯ ಅಬ್‌ಖೈಕ್ ತೈಲ ಘಟಕ ಮತ್ತು ಖುರೈಸ್ ತೈಲಕ್ಷೇತ್ರದ ಮೇಲೆ ಡ್ರೋನ್, ಕ್ಷಿಪಣಿ ಬಿದ್ದವು. ತೈಲದಿಂದ ಅನಿಲ, ಹೈಡ್ರೋಜನ್ ಸಲ್ಫೈಡ್ ಬೇರ್ಪಡಿಸುವ ಗೋಪುರಗಳೂ ತೊಟ್ಟಿಗಳೂ ತೂತಾಗಿ ದಿನಕ್ಕೆ 57 ಲಕ್ಷ ಬ್ಯಾರೆಲ್ ನಿಂತಿತು, ಸೌದಿ ಉತ್ಪಾದನೆಯ ಅರ್ಧಕ್ಕೂ ಹೆಚ್ಚು. ಯೆಮೆನ್‌ನ ಬಂಡುಕೋರರಾದ ಹೂತಿಗಳು ಹೊಣೆ ಹೊತ್ತರು, ಸೌದಿ ಇರಾನಿನತ್ತ ಬೆರಳು ತೋರಿತು, ಇರಾನ್ ಅಲ್ಲಗಳೆಯಿತು. ಅಮೆರಿಕ ಪ್ರತಿದಾಳಿಗೆ ಇಳಿಯಲಿಲ್ಲ. 2021ರಲ್ಲಿ ಬಾಗ್ದಾದ್‌ನಲ್ಲಿ ಗುಟ್ಟಾಗಿ ಮಾತುಕತೆ ಶುರುವಾದದ್ದಕ್ಕೆ ಈ ಪಾಠವೂ ಒಂದು ಕಾರಣ.

2023ರ ಬೀಜಿಂಗ್ ಹೇಳಿಕೆ ಎರಡು ತಿಂಗಳಲ್ಲಿ ರಾಯಭಾರ ಕಚೇರಿ ತೆರೆಯಬೇಕೆಂದಿತು, 1998 ಮತ್ತು 2001ರ ಹಳೆಯ ಒಪ್ಪಂದಗಳಿಗೆ ಜೀವ ಕೊಟ್ಟಿತು. ಯೆಮೆನ್ ಹೆಸರು ಅದರಲ್ಲಿಲ್ಲ, ತೈಲದ ಪಾಲೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಇರಾನಿಗಳ ಉಮ್ರಾ ಯಾತ್ರೆ ಮತ್ತೆ ಶುರುವಾಯಿತು. ತೈಲದಲ್ಲಿ ಮಾತ್ರ ಇರಾನ್ 2018ರ ಡಿಸೆಂಬರ್‌ನಲ್ಲಿ ಪಡೆದ ಕಡಿತದ ವಿನಾಯಿತಿ ಬೀಜಿಂಗ್ ಹೇಳಿಕೆಯ ನಂತರವೂ ಮುಂದುವರಿಯಿತು. ನಿರ್ಬಂಧ ಪೂರ್ತಿ ತೆರವಾದ ದಿನ ಯಾವ ವರ್ಷದ ಉತ್ಪಾದನೆಯನ್ನು ಮೂಲ ಅಂಕಿ ಎಂದು ಹಿಡಿಯಬೇಕೆಂಬ ಚೌಕಾಸಿ ಮೊದಲಿನಿಂದ ಶುರುವಾಗಬೇಕು.