ಗಲ್ಲಾ ಮುಚ್ಚಿದ ಮೇಲೆ ಬಂದ ಪಗಾರ

ಅವರು ಕಲಬುರಗಿಯ ನೆಹರು ಗಂಜಿನಲ್ಲಿ ಇಪ್ಪತ್ತು ವರ್ಷ ತೊಗರಿ ವ್ಯಾಪಾರ ಮಾಡಿದವರು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ನ್ಯಾಯಾಲಯ ಅವರನ್ನು ದಿವಾಳಿ ಎಂದು ಘೋಷಿಸಿ ಅಂಗಡಿಯ ಕೀಲಿ ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರು) ಕೈಗೆ ಹೋದ ಮೇಲೆ, ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನೌಕರಿ ಹಿಡಿದರು. ಮೊದಲ ಪಗಾರ ಬಂದ ಸಂಜೆಯೇ ಗಂಡ-ಹೆಂಡತಿ ಇಬ್ಬರೂ ನನ್ನ ವಕೀಲಿ ಆಫೀಸಿಗೆ ಬಂದರು.

"ಸರ, ಸಾಲ ಕೊಟ್ಟ ಒಬ್ರಿಗೆ ಇದ್ರಾಗ ಐದು ಸಾವಿರ ಕೊಟ್ಟುಬಿಡ್ತೀನಿ. ದಿನಾ ಮನಿ ಮುಂದ ಬಂದು ನಿಲ್ತಾರ. ಓಣ್ಯಾಗ ಮಾನ ಹೋಗ್ಲಾಕತ್ತದ" ಅಂದರು ಅವರು.

ಅಲ್ಲಿಯ ತನಕ ಸುಮ್ಮನೆ ಕೂತಿದ್ದ ಹೆಂಡತಿ, "ಗ್ಯಾಸ್ ಮುಗದು ನಾಕ್ ದಿನ ಆತ್ರೀ" ಅಂತ ಅಷ್ಟೇ ಅಂದರು.

ದಿವಾಳಿ ಪ್ರಕರಣ ನಡೆಯುವಾಗ ಮತ್ತೆ ದುಡಿಯಲು ಹೋಗುವವರ ಮನೆ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಜೋರಾಗಿ ಕೂಗಿದವನಿಗೆ ಮೊದಲ ಪಗಾರ ಹೋಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಆ ಲೆಕ್ಕ ಸರಿಯಲ್ಲ. ಸಾಲ ಕೊಟ್ಟವರೆಲ್ಲರ ಹೆಸರೂ ನ್ಯಾಯಾಲಯದ ಪಟ್ಟಿಯಲ್ಲಿವೆ, ಹಂಚಿಕೆ ಅಲ್ಲಿಂದಲೇ ಆಗಬೇಕು. ಹಿತ್ತಲ ಬಾಗಿಲಿನಿಂದ ಒಬ್ಬರಿಗೆ ಕೊಟ್ಟರೆ ಉಳಿದವರು ನಾಳೆ ಅದನ್ನೇ ಹಿಡಿದು ಜಗ್ಗುತ್ತಾರೆ.

2016ರ ದಿವಾಳಿ ಸಂಹಿತೆಯ ಬಗ್ಗೆ ಪತ್ರಿಕೆಯಲ್ಲಿ ಓದಿದವರು ನನ್ನ ಬಳಿ ಬಂದು ಅದನ್ನೇ ಕೇಳುತ್ತಾರೆ. ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಅದರ ಭಾಗ ಈವರೆಗೆ ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಕಲಬುರಗಿಯ ಅಂಗಡಿಕಾರರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ನೂರು ವರ್ಷ ದಾಟಿದ ಈ ಕಾಯ್ದೆಯಲ್ಲಿ ಮುದುಕರ ಹಟವೂ ಇದೆ, ಮುದುಕರ ಕರುಣೆಯೂ ಇದೆ.

ಮೊದಲು ಕರುಣೆಯ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಡಿ ಯಾವುದನ್ನು ಜಪ್ತಿ ಮಾಡುವಂತಿಲ್ಲವೋ ಅದು ರಿಸೀವರ್ ಕೈಗೂ ಹೋಗದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಕೂಲಿಯವರ ಕೂಲಿಯಂತೂ ಪೂರ್ತಿ ಸುರಕ್ಷಿತ. ಪಗಾರದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ, ಜೀವನಾಂಶದ ಡಿಕ್ರಿ ಒಂದನ್ನು ಬಿಟ್ಟು. ನಮ್ಮ ಕಕ್ಷಿದಾರರ ಪಗಾರ 19,000. ಸಾವಿರ ತೆಗೆದರೆ 18,000, ಅದರ ಮೂರನೇ ಎರಡು ಪಾಲು 12,000. ಅಂದರೆ 13,000 ರೂಪಾಯಿ ಮನೆಯದು, ನ್ಯಾಯಾಲಯ ಕೇಳಿದರೂ ತಿಂಗಳಿಗೆ 6,000ಕ್ಕಿಂತ ಹೆಚ್ಚು ಹೋಗದು. ಮನೆಯ ಬಜೆಟ್ಟನ್ನು 13,000ದೊಳಗೆ ಬರೆಯಿರಿ ಅಂತ ನಾನು ಹೇಳುವುದು ಇದಕ್ಕೇ. ಮೇಲಿನದು ಕೈಯಲ್ಲಿ ಉಳಿದರೆ ಉಳಿಯಿತು.

ಆದರೆ 19,000 ಎಂದು ಆದೇಶಪತ್ರದಲ್ಲಿ ಬರೆದ ಮಾತ್ರಕ್ಕೆ ಅಷ್ಟೂ ಕೈಗೆ ಬರುವುದಿಲ್ಲ. ಮೂಲ ವೇತನ 12,000 ಇದ್ದರೆ ಪಿಎಫ್‌ಗೆ 12 ಪ್ರತಿಶತದಂತೆ 1,440, ಇಎಸ್‌ಐಗೆ 0.75 ಪ್ರತಿಶತದಂತೆ 143 ಹೋಗಿ ಕೈಗೆ ಬರುವುದು 17,417. ಅವರು ಈ ಕಡಿತಕ್ಕೆ ಗೊಣಗಿದರು. ನಾನು ಗೊಣಗಬೇಡಿ ಅಂದೆ. ಪಿಎಫ್ ಹಣಕ್ಕೂ ಜಪ್ತಿ ತಟ್ಟುವುದಿಲ್ಲ. 21,000ದವರೆಗಿನ ಪಗಾರಕ್ಕೆ ಅನ್ವಯಿಸುವ ಇಎಸ್‌ಐ ಚೀಟಿ ಇದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಖಾಸಗಿ ದವಾಖಾನೆಯ ಬಿಲ್ಲಿಗೆ ಕೈಗಡ ತಂದೇ ಮುಳುಗಿದ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ, 143 ರೂಪಾಯಿ ಅದರ ಮುಂದೆ ಏನೂ ಅಲ್ಲ.

ಇನ್ನು ಹಟದ ಮಾತು. 1920ರ ಕಾಯ್ದೆಯ 72ನೇ ಕಲಮು ನೋಡಿ. ಹಳೆಯ ಸಾಲಗಳಿಂದ ಬಿಡುಗಡೆ ಎಂಬ ನ್ಯಾಯಾಲಯದ ಆದೇಶ ಇನ್ನೂ ಸಿಗದ ದಿವಾಳಿ ವ್ಯಕ್ತಿ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. 1920ರಲ್ಲಿ 50 ರೂಪಾಯಿ ದೊಡ್ಡ ಗಂಟು. ಇವತ್ತು ಒಂದು ಕಿಲೋ ಬೆಲ್ಲ ಉದ್ರಿ ತಂದರೂ ಕಲಮಿನೊಳಗೆ ಬಂದಿರಿ! ಹಾಗಾಗಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಮುಚ್ಚಲೇಬೇಕು. ಮಾಲೀಕರ ಹತ್ತಿರ ಅಡ್ವಾನ್ಸ್ ಕೇಳುವುದಿದ್ದರೂ ವಿಷಯ ಹೇಳಿಯೇ ಕೇಳಬೇಕು.

ಈ ಅಡ್ವಾನ್ಸಿನ ಪ್ರಶ್ನೆ ಬಂದೇ ಬರುತ್ತದೆ. ಅವರು ಜೂನ್ 11ಕ್ಕೆ ಕೆಲಸಕ್ಕೆ ಸೇರಿದರು, ಮಿಲ್ಲಿನಲ್ಲಿ ಪಗಾರ ಆಗುವುದು ಮುಂದಿನ ತಿಂಗಳ 7ಕ್ಕೆ. ನಡುವೆ 26 ದಿನ. ಪೆಟ್ರೋಲು, ಬುತ್ತಿ, ಎರಡು ಜೊತೆ ಅಂಗಿ ಎಲ್ಲ ಮೊದಲ ದಿನದಿಂದಲೇ ಶುರು, ಮೇಲೆ ಶಾಲೆ ತೆರೆಯುವ ತಿಂಗಳು. ಬಂದ ಪಗಾರವೂ 20 ದಿನದ್ದೇ. ಕೆಲಸಕ್ಕೆ ಹೋಗುವ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ನಾನು ಮೊದಲು ಬರೆಸುವುದೇ ಅದನ್ನು.

ಇನ್ನೊಂದು ಎಚ್ಚರಿಕೆ. ಪಗಾರದ ಖಾತೆ ನಿಮ್ಮ ಸಾಲ ಇರುವ ಬ್ಯಾಂಕಿನಲ್ಲೇ ಬೇಡ. ಖಾತೆಗೆ ಬಿದ್ದ ಹಣವನ್ನು ಬ್ಯಾಂಕು ಸಾಲಕ್ಕೆ ವಜಾ ಹಾಕಿಕೊಂಡರೆ, ಅದನ್ನು ಮರಳಿ ತರಲು ಮತ್ತೊಂದು ಅರ್ಜಿ, ಮತ್ತೊಂದು ತಾರೀಖು. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಅದರ ನಂಬರನ್ನು ರಿಸೀವರ್‌ಗೆ ಬರೆದು ಕೊಡಿ. ಮುಚ್ಚಿಟ್ಟರೆ ಕಥೆಯೇ ಬೇರೆಯಾಗುತ್ತದೆ. ಮನೆ, ಬಂಗಾರ, ಗಾಡಿ ಅಡವಿಟ್ಟು ತೆಗೆದ ಸಾಲಕ್ಕೆ ದಿವಾಳಿ ಆದೇಶದ ತಡೆ ಇಲ್ಲ ಎಂಬುದೂ ನೆನಪಿರಲಿ. ಹೆಂಡತಿಯ ಹೆಸರಿನ ಸಂಘದ ಸಾಲವೂ ಗಂಡನ ಅರ್ಜಿಯೊಳಗೆ ಬರುವುದಿಲ್ಲ. ಆ ವಾರದ ಕಂತನ್ನು ಮನೆ ಲೆಕ್ಕದಲ್ಲೇ ಬರೆಯಬೇಕು. ಕಿರುಸಾಲದವರ ಕಿರುಕುಳಕ್ಕೆ 2025ರಲ್ಲಿ ರಾಜ್ಯ ಕಾನೂನು ತಂದಿದೆ. ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ಅಂಗಡಿ ಮುಚ್ಚಿದರೂ ಜಿಎಸ್‌ಟಿ ನೋಂದಣಿ ರದ್ದು ಮಾಡಿಸದೆ ಬಿಟ್ಟವರು ನನ್ನಲ್ಲಿ ಬಹಳ ಬರುತ್ತಾರೆ. ರಿಟರ್ನ್ಸ್ ಹಾಕದ ತಿಂಗಳಿಗೆಲ್ಲ ದಂಡ ಬೆಳೆಯುತ್ತದೆ. ಗಂಡ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವನಾಗಿದ್ದರೆ ಹೆಂಡತಿಗೆ ಗೃಹಲಕ್ಷ್ಮಿಯ 2,000 ಕೂಡ ಸಿಗದು. ರದ್ದಾದ ಮೇಲೆ ಅರ್ಜಿ ಹಾಕಿ, ಆದರೆ ಆ ಹಣ ಖಾತೆಗೆ ಬೀಳುವ ತನಕ ಬಜೆಟ್ಟಿನಲ್ಲಿ ಬರೆಯಬೇಡಿ.

ವ್ಯಾಪಾರಸ್ಥರ ಮನೆಗೆ ಇನ್ನೂ ಒಂದು ಕಷ್ಟ ಇದೆ. ಮನೆಗೆ ಎಷ್ಟು ಖರ್ಚಾಗುತ್ತದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಬೇಕಾದಾಗ ಗಲ್ಲಾದಿಂದ ತೆಗೆದಿದ್ದೇ ಲೆಕ್ಕ. ಸುಗ್ಗಿಯಲ್ಲಿ ವರ್ಷದ ಜೋಳ, ವರ್ಷದ ಬ್ಯಾಳಿ ಚೀಲಗಟ್ಟಲೆ ಮನೆಗೆ ಬಂದು ಬೀಳುತ್ತಿತ್ತು. ಈಗ ಅದೇ ಜೋಳವನ್ನು ತಿಂಗಳಿಗೆ ಇಷ್ಟು ಕಿಲೋ ಎಂದು ಕೊಳ್ಳಬೇಕು. ರೇಷನ್ ಅಕ್ಕಿ ಇದ್ದರೂ ನಮ್ಮ ಕಡೆ ಎರಡೂ ಹೊತ್ತು ರೊಟ್ಟಿ ಬೇಕು, ಅದನ್ನು ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ.

ಅವರಿಗೆ ಹೇಳಿದ್ದು ಒಂದೇ ಕೆಲಸ: ಅಂಗಡಿಯಲ್ಲಿ ಬರೆಯುತ್ತಿದ್ದ ಹಾಗೆಯೇ ಮನೆಗೂ ಕಿರ್ದಿ ಬರೆಯಿರಿ, ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಮರು ತಿಂಗಳು ಅವರು ತಂದ ಕಿರ್ದಿಯಲ್ಲಿ ದಿನಕ್ಕೊಂದು ಸಾಲು: "ಚಹಾ, 120". ಕೇಳಿದರೆ, ಮಿಲ್ಲಿನಲ್ಲಿ ಹಮಾಲರಿಗೆ, ಹಳೇ ಗಿರಾಕಿಗಳಿಗೆ ಎಲ್ಲರಿಗೂ ಇವರೇ ಚಹಾ ಕುಡಿಸುತ್ತಿದ್ದರು.

"ಸರ, ಒಂದಾನೊಂದು ಕಾಲಕ್ಕ ಸಾವಕಾರ ಅನಿಸ್ಕೊಂಡಾಂವ. ಚಹಾ ಸುದ್ದಾ ಕುಡಿಸಲಿಲ್ಲಂದ್ರ ಜನ ಏನಂದಾರು?"

26 ದಿನಕ್ಕೆ 3,120 ರೂಪಾಯಿ. ಮಗಳ ಟ್ಯೂಷನ್ನಿಗೆ ಇಲ್ಲ ಎಂದಿದ್ದು 800. ನಾನು ಏನೂ ಹೇಳಲಿಲ್ಲ, ಎರಡೂ ಅಂಕಿಗೆ ಪೆನ್ಸಿಲಿನಲ್ಲಿ ಗುಂಡು ಸುತ್ತಿ ಪುಸ್ತಕ ವಾಪಸು ಕೊಟ್ಟೆ.

ಈ ಕಿರ್ದಿಗೆ ನ್ಯಾಯಾಲಯದಲ್ಲೂ ಬೆಲೆ ಇದೆ. ಬಿಡುಗಡೆಯ ಅರ್ಜಿ ವಿಚಾರಣೆಗೆ ಬಂದಾಗ, ಮುಂದಿನ ಗಳಿಕೆಯಲ್ಲಿ ಇಷ್ಟು ಕಟ್ಟಬೇಕು ಎಂಬ ಷರತ್ತಿನ ಮೇಲೆ ಬಿಡುಗಡೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ಆಗ ಎಷ್ಟು ಕಟ್ಟಬಲ್ಲಿರಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಎದುರಿನ ವಕೀಲರು ಬಿಡುವುದಿಲ್ಲ. ಹತ್ತು ತಿಂಗಳ ಕಿರ್ದಿ ಮೇಜಿನ ಮೇಲಿಟ್ಟರೆ ಮಾತು ಬೇರೆ. ನಾವು ತಿಂಗಳಿಗೆ 2,500 ಎಂದು ಬರೆದು ಕೊಟ್ಟಿದ್ದೇವೆ, ಮುಂದಿನ ತಾರೀಖು ಬಾಕಿ ಇದೆ. ಕಿರ್ದಿಯಲ್ಲಿ ಚಹಾದ ಸಾಲು ಈಗಲೂ ಇದೆ: ದಿನಕ್ಕೆ 10.