ಹಳೆಯ ಸಣ್ಣ ಕಾರಿಗೆ ದೊಡ್ಡ ಡಿಸ್ಕ್, ಗಟ್ಟಿ ಸ್ಪ್ರಿಂಗ್ ಹಾಕಿಸಬೇಕೇ?

ಪ್ರಶ್ನೆ: ನನ್ನ ಸಣ್ಣ ಕಾರಿಗೆ ಹದಿನೈದು ವರ್ಷ ತುಂಬಿದೆ. ಬ್ರೇಕ್ ಮೊದಲಿನಂತೆ ಹಿಡಿಯುತ್ತಿಲ್ಲ, ತಿರುವಿನಲ್ಲಿ ಗಾಡಿ ಓಲಾಡುತ್ತದೆ. ದೊಡ್ಡ ಡಿಸ್ಕ್, ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹಾಕಿಸಬಹುದು, ಆದರೆ ಅದು ಕೊನೆಯ ಕೆಲಸ. ಮೊದಲು ಒಂದು ವಿಷಯ ಗಮನಿಸಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾರಿನಲ್ಲಿ ಪೆಡಲ್ ಜೋರಾಗಿ ತುಳಿದಾಗ ಚಕ್ರ ಲಾಕ್ ಆಗಿ ಜಾರುತ್ತದೆ ಎಂದರೆ ಬ್ರೇಕಿಗೆ ಬಲ ಸಾಕಷ್ಟಿದೆ, ಮುಗಿದಿರುವುದು ಟೈರಿನ ಹಿಡಿತ. ಅಲ್ಲಿ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಗಾಡಿ ಬೇಗ ನಿಲ್ಲದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರ್ ಗಡಸಾಗಿರುತ್ತದೆ. ದೊಡ್ಡ ಡಿಸ್ಕಿನ ನಿಜವಾದ ಲಾಭ ಶಾಖ ತಡೆಯುವುದರಲ್ಲಿದೆ. ಉದ್ದದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಿಡಿಯುವವರಿಗೆ ಅದು ಬೇಕಾದೀತು.

ಲಾಕ್ ಆಗುವಷ್ಟು ಹಿಡಿಯುತ್ತಲೇ ಇಲ್ಲವೇ? ಪೆಡಲ್ಲೇ ಕಾರಣ ಹೇಳುತ್ತದೆ. ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಇದೆ ಅಥವಾ ರಬ್ಬರ್ ಹೋಸ್ ಉಬ್ಬುತ್ತಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಕಲ್ಲಿನಂತೆ ಗಟ್ಟಿಯಿದ್ದರೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ನೋಡಿ: ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿದು, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಟ್ಟಿದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 3 ಇದ್ದ ಕಾರಿಗೆ ಡಾಟ್ 4 ಹಾಕಬಹುದು, ಸಿಲಿಕೋನಿನ ಡಾಟ್ 5 ಮಾತ್ರ ಬೇಡ. ಆಯಿಲ್ ಬದಲಿಸಿ ಲೈನಿನ ಗಾಳಿ ತೆಗೆಯುವಾಗ ಹೆಚ್ಚಿನವರು ಪೆಡಲನ್ನು ತಳಕ್ಕೆ ಮುಟ್ಟಿಸುತ್ತಾರೆ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನನಿತ್ಯ ತಲುಪದ ಆ ಕೊನೆಯ ಭಾಗ ತುಕ್ಕು ಹಿಡಿದು ಒರಟಾಗಿರುತ್ತದೆ. ಸೀಲ್ ಅಲ್ಲಿ ಉಜ್ಜಿ ಹರಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಬ್ರೇಕ್ ಸರ್ವಿಸ್ ಮುಗಿಸಿ ಬಂದ ಮೇಲೆ ಕೆಡುವುದು ಬಹುಪಾಲು ಹೀಗೆಯೇ. ಗಾಳಿ ತೆಗೆಯುವ ಕೆಲಸ ಮುಗಿಯುವ ತನಕ ಮಾತ್ರ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರಲು ಇರುವ ಸ್ಲೈಡ್ ಪಿನ್ ಬಿಚ್ಚಿ, ತೊಳೆದು, ಸಿಲಿಕೋನ್ ಗ್ರೀಸ್ ಹಚ್ಚಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ, ಅದಕ್ಕಿಂತ ಸವೆದಿದ್ದರೆ ಎಡ, ಬಲ ಎರಡೂ ಚಕ್ರಕ್ಕೆ ಹೊಸದು ಹಾಕಿ. ಹಿಂದಿನ ಡ್ರಮ್ಮುಗಳನ್ನೂ ತೆಗೆಸಿ ನೋಡಿ. ಒಳಗಿನ ವೀಲ್ ಸಿಲಿಂಡರ್ ಜಿನುಗಿ, ಡ್ರಮ್ಮಿಗೆ ಉಜ್ಜುವ ಬ್ರೇಕ್ ಶೂ ಎಣ್ಣೆ ಕುಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು.

ಇಷ್ಟಾದ ಮೇಲೂ ದೊಡ್ಡ ಡಿಸ್ಕ್ ಬೇಕೆನಿಸಿದರೆ ಅದೇ ಮಾದರಿಯ ಹೆಚ್ಚು ಶಕ್ತಿಯ ಆವೃತ್ತಿಯಿಂದ ಡಿಸ್ಕ್, ಕ್ಯಾಲಿಪರ್, ಬ್ರಾಕೆಟ್ ಒಟ್ಟಾಗಿ ತನ್ನಿ. 13 ಇಂಚಿನ ರಿಮ್ಮಿನೊಳಗೆ ಕ್ಯಾಲಿಪರ್ ಹಿಡಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಪೆಡಲ್ ಹೆಚ್ಚು ಆಳಕ್ಕೆ ಹೋಗುತ್ತದೆ, ಮಾಸ್ಟರ್ ಸಿಲಿಂಡರನ್ನೂ ಹೊಂದಿಸಬೇಕಾಗುತ್ತದೆ. ಹಿಂದಿನ ಚಕ್ರಗಳ ಬ್ರೇಕಿನ ಬಲವನ್ನಂತೂ ಹೆಚ್ಚಿಸಬೇಡಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗುತ್ತದೆ.

ಓಲಾಟಕ್ಕೆ ಗಟ್ಟಿ ಸ್ಪ್ರಿಂಗ್ ಮದ್ದಲ್ಲ. ಹಳೆಯ ಶಾಕ್ಅಬ್ಸಾರ್ಬರಿನ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಗಾಡಿ ಇನ್ನಷ್ಟು ಪುಟಿಯುತ್ತದೆ, ಏಕೆಂದರೆ ಸ್ಪ್ರಿಂಗಿನ ಕುಣಿತ ಅಡಗಿಸುವುದು ಶಾಕ್‌ನ ಕೆಲಸ. ಮೂಲ ಎತ್ತರದ ಸ್ಪ್ರಿಂಗನ್ನೇ ಉಳಿಸಿ, ಒಳ್ಳೆಯ ಶಾಕ್ಸ್ ಜೋಡಿಯಾಗಿ ಹಾಕಿಸಿ. ಜೊತೆಗೆ ಚಕ್ರವನ್ನು ಗಾಡಿಗೆ ಜೋಡಿಸುವ, ಸವೆಯುವ ಭಾಗಗಳಾದ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ) ಮೌಂಟ್, ಬಂಪ್ ಸ್ಟಾಪ್, ಲೋಯರ್ ಆರ್ಮ್‌ನ ರಬ್ಬರ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಇವನ್ನೂ ನೋಡಿಸಿ. ಸ್ಪ್ರಿಂಗನ್ನು ಅದನ್ನು ಅದುಮುವ ಸ್ಪ್ರಿಂಗ್ ಕಂಪ್ರೆಸರಿನಿಂದ ಬಿಗಿದು ಭಾರ ಕಳಚುವ ತನಕ ಸ್ಟ್ರಟ್ಟಿನ ಮೇಲಿನ ನಟ್ ಮುಟ್ಟಲೇಬಾರದು. ಸಿಡಿದರೆ ಜೀವಕ್ಕೇ ಅಪಾಯ.

ಹೊಸ ಬುಶ್ ಆರೇ ತಿಂಗಳಲ್ಲಿ ಹರಿಯಿತು ಎಂಬ ದೂರಿಗೆ ಕಾರಣ ಹಲವು ಸಲ ಮಾಲಿನದ್ದಲ್ಲ. ಕಾರು ಜಾಕಿನ ಮೇಲೆ, ಚಕ್ರ ಜೋತುಬಿದ್ದಿರುವಾಗಲೇ ಬುಶ್‌ನ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗಾಡಿಯ ಭಾರ ಚಕ್ರಗಳ ಮೇಲೆ ಕೂತ ನಂತರ ಕೊನೆಯ ಬಿಗಿತ ಕೊಡಬೇಕು, ಆಮೇಲೆ ಅಲೈನ್‌ಮೆಂಟ್.

ಹೊಸ ಪ್ಯಾಡ್ ಹಾಕಿದ್ದರೆ ಅದು ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಂತರ ಡಿಸ್ಕ್ ಆರುವ ತನಕ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ.